ಏರಿಯಾದಲ್ಲಿ ರೇಟು ಏನು ನಡೀತಿದೆ?

ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಸ್ವಂತ ಮನೆ ಇರುವವರಿಗೆ ಅದನ್ನು ಮಾರುವ ಯೋಚನೆ ಕನಸಿನಲ್ಲೂ ಇರುವುದಿಲ್ಲ. ಆದರೆ ಮಾರಿದರೆ ಎಷ್ಟು ಬಂದೀತು ಎಂಬುದು ದಿನಾ ಬೆಳಿಗ್ಗೆ ಗೊತ್ತಾಗಬೇಕು. ಹನುಮಂತನಗರದ ನಮ್ಮ ಪಾರ್ಕಿನಲ್ಲಿ ವಾಕಿಂಗಿಗೆ ಬರುವವರ ಮಾತು ಮೊದಲನೇ ಸುತ್ತಿನಲ್ಲಿ ಸಕ್ಕರೆ ಕಾಯಿಲೆ, ಎರಡನೆಯದರಲ್ಲಿ ಮಕ್ಕಳ ವೀಸಾ ಮುಗಿಸಿ ಮೂರನೆಯದಕ್ಕೆ ಸ್ಕ್ವೇರ್ ಫೀಟಿಗೆ ಬಂದು ನಿಲ್ಲುತ್ತದೆ. "ನಾಲ್ಕನೇ ಕ್ರಾಸಿನ ಮೂವತ್ತು ನಲವತ್ತು ಎಷ್ಟಕ್ಕೆ ಹೋಯ್ತು ಗೊತ್ತೇನ್ರೀ?" ಎಂದು ಯಾರಾದರೂ ಕೇಳಿದರೆ, ಗೊತ್ತಿದ್ದರೂ ಗೊತ್ತಿಲ್ಲ ಎನ್ನುವುದು ಸಭ್ಯತೆ. ಹೇಳುವವರ ಸುಖ ನಾವೇಕೆ ಕೆಡಿಸಬೇಕು?

ನಾನು ಗಮನಿಸಿದಂತೆ ಈ ಸುದ್ದಿಗಳಿಗೆ ಒಂದು ಗುಣ ಇದೆ. ದುಬಾರಿಗೆ ಹೋದ ಮನೆಯ ಸುದ್ದಿ ಒಂದೇ ದಿನದಲ್ಲಿ ಗುಡ್ಡ ಹತ್ತಿ ಕುಮಾರಸ್ವಾಮಿ ದೇವಸ್ಥಾನದ ಅರ್ಚಕರನ್ನೂ ಮುಟ್ಟುತ್ತದೆ. ರಸ್ತೆ ಕುತ್ತು ಎಂದು ಯಾರೂ ಮೂಸದೆ ಕೊನೆಗೆ ಸಿಕ್ಕಷ್ಟಕ್ಕೆ ಹೋದ ಮನೆ, ಅಣ್ಣತಮ್ಮಂದಿರ ಕೋರ್ಟು ಕೇಸು ಮುಗಿದು ಅವಸರಕ್ಕೆ ಮಾರಿದ ಮನೆ, ಇವುಗಳ ಬೆಲೆ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಹಾಗಾಗಿ 'ಏರಿಯಾದ ರೇಟು' ಎಂದು ನಾವು ಕರೆಯುವುದು ನಿಜಕ್ಕೂ ಏರಿಯಾದ ಅತಿ ದೊಡ್ಡ ರೇಟು.

ಸರಾಸರಿ ಹಾಕಿದರೆ ಸರಿಹೋಗುತ್ತದೆ ಎನ್ನಬಹುದು. ಹಾಕಿಯೇ ನೋಡೋಣ. ಒಂದು ಬೀದಿಯಲ್ಲಿ ಒಂದು ವರ್ಷಕ್ಕೆ ಐದು ಮನೆ ಮಾರಾಟವಾದವು ಎಂದಿಟ್ಟುಕೊಳ್ಳಿ: 90 ಲಕ್ಷ, 1 ಕೋಟಿ 10 ಲಕ್ಷ, 1 ಕೋಟಿ 20 ಲಕ್ಷ, 1 ಕೋಟಿ 35 ಲಕ್ಷ. ಐದನೆಯದು ಮೂಲೆಯ ದೊಡ್ಡ ಬಂಗಲೆ, 9 ಕೋಟಿ. ಕೂಡಿ ಐದರಿಂದ ಭಾಗಿಸಿದರೆ ಸರಾಸರಿ 2 ಕೋಟಿ 71 ಲಕ್ಷ. ಆ ಬೆಲೆಗೆ ಆ ಬೀದಿಯಲ್ಲಿ ಒಂದು ಮನೆಯೂ ಮಾರಾಟವಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ನಾಲ್ಕು ಮನೆಯವರಿಗೆ ವೃಥಾ ಹೆಮ್ಮೆ, ಕೊಳ್ಳಲು ಬಂದವನಿಗೆ ಎದೆನೋವು, ಬಂಗಲೆಯವನಿಗೆ ಅವಮಾನ. ಸರಾಸರಿ ಒಂದೇ ಏಟಿಗೆ ಇಷ್ಟು ಕೆಲಸ ಮಾಡುತ್ತದೆ.

ಹತ್ತನೇ ಕ್ಲಾಸಿನ ಗಣಿತದಲ್ಲಿ ಸರಾಸರಿಯ ಪಕ್ಕದಲ್ಲೇ ಮಧ್ಯಾಂಕ ಇತ್ತು. ನಾವೆಲ್ಲ ಅದನ್ನು ಎರಡು ಮಾರ್ಕಿಗೆ ಓದಿ ಬಿಟ್ಟೆವು. ಸ್ಕೂಲಿನ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವ ಹಾಗೆ ಮನೆಗಳನ್ನು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಬೇಕು. ನಟ್ಟನಡುವೆ ನಿಂತದ್ದು ಯಾವುದೋ ಅದರ ಬೆಲೆಯೇ ಮಧ್ಯಾಂಕ. ನಮ್ಮ ಬೀದಿಗೆ ಅದು 1 ಕೋಟಿ 20 ಲಕ್ಷ. ಬಂಗಲೆ ಒಂಬತ್ತು ಕೋಟಿಯ ಬದಲು ತೊಂಬತ್ತು ಕೋಟಿಗೆ ಹೋದರೂ ಮಧ್ಯಾಂಕ ಒಂದು ರೂಪಾಯಿ ಕದಲುವುದಿಲ್ಲ. ಸಾಲಿನ ತುದಿಯಲ್ಲಿ ನಿಂತವನು ಎಷ್ಟು ಉದ್ದವಾದರೂ ನಡುವಿನವನಿಗೆ ಏನಾಗಬೇಕು?

ಈ ನಡುವಿನವನ ಮಹಿಮೆ ಯಾವ ಪುಸ್ತಕವನ್ನೂ ನೋಡದೆ ತಾನೇ ಕಂಡುಕೊಂಡವರು ನಮ್ಮ ಪಾರ್ಕಿನ ರಾಯರು. ಬ್ಯಾಂಕಿನಲ್ಲಿ ನಲವತ್ತು ವರ್ಷ ಲೆಡ್ಜರು ನೋಡಿ ನಿವೃತ್ತರಾದವರು. ಲೆಡ್ಜರಿಲ್ಲದೆ ಬದುಕುವುದು ಅಭ್ಯಾಸವಾಗಲಿಲ್ಲ. ಹಳೆಯ ಡೈರಿಯೊಂದರಲ್ಲಿ ಏರಿಯಾದಲ್ಲಿ ಮಾರಾಟವಾದ ಪ್ರತಿ ಮನೆಗೂ ಒಂದು ಸಾಲು ಬರೆಯುತ್ತಾರೆ. ಸಾಲಿಗೆ ಮೂರು ಕಾಲಂ: ಮಾರಿದವರು ಹೇಳಿದ್ದು, ಕೊಂಡವರು ಹೇಳಿದ್ದು, ಕ್ರಯಪತ್ರದಲ್ಲಿ ಬರೆದದ್ದು. ಮೂರೂ ಒಂದೇ ಆದ ಸಾಲು ಆ ಡೈರಿಯಲ್ಲಿಲ್ಲ. ಮಾರಿದವರು ಪಾರ್ಕಿನಲ್ಲಿ ಹೆಚ್ಚು ಹೇಳುತ್ತಾರೆ, ಪಾಲು ಕೇಳಬಹುದಾದ ತಂಗಿಗೆ ಕಡಿಮೆ ಹೇಳುತ್ತಾರೆ. ಕೊಂಡವರು ಬೀಗರಿಗೆ ಒಂದು ಹೇಳುತ್ತಾರೆ, ಸಾಲ ಕೇಳಲು ಬರುವ ಭಾವಮೈದನಿಗೆ ಇನ್ನೊಂದು. ರಾಯರು ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ಮೂರನ್ನೂ ಬರೆದು ನಡುವಿನದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. "ಒಬ್ಬ ಏರಿಸ್ತಾನೆ, ಒಬ್ಬ ಇಳಿಸ್ತಾನೆ, ನಡುವಿನೋನು ಪಾಪ ಎಲ್ಲಿದ್ದಾನೋ ಅಲ್ಲೇ ಇರ್ತಾನೆ" ಎಂಬುದು ಅವರ ಸಿದ್ಧಾಂತ.

ಸಿದ್ಧಾಂತ ಚೆನ್ನಾಗಿದೆ. ಆದರೆ ಅದು ನಡೆಯಬೇಕಾದರೆ ಜನ ಎರಡು ದಿಕ್ಕಿಗೂ ಸುಳ್ಳು ಹೇಳಬೇಕು. ಎಲ್ಲರೂ ಒಂದೇ ದಿಕ್ಕಿಗೆ ವಾಲಿದರೆ ನಡುವಿನವನೂ ಅವರ ಜೊತೆಗೇ ವಾಲುತ್ತಾನೆ. ಎಲ್ಲರೂ ಒಂದೇ ದಿಕ್ಕಿಗೆ ವಾಲುವ ಜಾಗ ನಮ್ಮಲ್ಲಿ ಒಂದಿದೆ: ಸಬ್ ರಿಜಿಸ್ಟ್ರಾರ್ ಆಫೀಸು.

ಅಲ್ಲಿ ಸರ್ಕಾರ ಪ್ರತಿ ರಸ್ತೆಗೂ ಒಂದು ಮಾರ್ಗಸೂಚಿ ದರ ಗೊತ್ತು ಮಾಡಿರುತ್ತದೆ. ಬ್ರೋಕರುಗಳ ಬಾಯಲ್ಲಿ ಗೈಡೆನ್ಸ್ ವ್ಯಾಲ್ಯೂ. ಅದಕ್ಕಿಂತ ಕಡಿಮೆಗೆ ಕೊಂಡೆ ಎಂದು ಬರೆದರೂ ಸ್ಟ್ಯಾಂಪ್ ಡ್ಯೂಟಿ ಅದರ ಮೇಲೆಯೇ. ನಮ್ಮ ಕಡೆಯ ಮನೆಗಳಿಗೆ ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 5. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2ಕ್ಕೆ ಏರಿತು. ಸೆಸ್ಸು, ಸರ್‌ಚಾರ್ಜು ಸೇರಿದರೆ ನೂರು ರೂಪಾಯಿಗೆ ಏಳೂವರೆ ದಾಟುತ್ತದೆ. ಹೀಗಿರುವಾಗ ಹತ್ತು ಲಕ್ಷ ಹೆಚ್ಚು ಬರೆದವನು ಸುಮ್ಮನೆ ಮುಕ್ಕಾಲು ಲಕ್ಷ ಹೆಚ್ಚು ಕಟ್ಟಬೇಕು. ಸ್ಥಿರಾಸ್ತಿಗೆ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ನಗದು ಕೈಯಿಂದ ಕೈಗೆ ಹೋಗಬಾರದು ಎಂದು 2015ರಿಂದ ಕಾನೂನಿದೆ ನಿಜ. ಆದರೂ "ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು ಸಾರ್?" ಎಂಬ ಪ್ರಶ್ನೆ ಬಣ್ಣದಂಗಡಿಯ ಆಚೆಗೂ ಕೇಳಿಬರುತ್ತದೆ. ಪರಿಣಾಮ, ಪತ್ರಗಳೆಲ್ಲ ಮಾರ್ಗಸೂಚಿ ದರದ ಸುತ್ತಮುತ್ತ ಬಂದು ಕೂರುತ್ತವೆ. ಆ ಪತ್ರಗಳ ಮಧ್ಯಾಂಕ ತೆಗೆದರೆ ಸಿಗುವುದು ಹೆಚ್ಚುಕಡಿಮೆ ಸರ್ಕಾರ ತಾನೇ ಬರೆದ ಸಂಖ್ಯೆ. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. ಸೆಪ್ಟೆಂಬರ್ 30ರ ಹಳೆಯ ದರಕ್ಕೂ ಹೊಸದಕ್ಕೂ ನಡುವೆ ಒಂದು ರಾತ್ರಿ. ಆ ರಾತ್ರಿ ನಮ್ಮ ಯಾರ ಮನೆಗೂ ಹೊಸ ಕೋಣೆ ಹುಟ್ಟಲಿಲ್ಲ; ಕಾಗದದಲ್ಲಿ ಮಾತ್ರ ಊರಿಗೆ ಊರೇ ಶ್ರೀಮಂತವಾಯಿತು.

ಬ್ಯಾಂಕಿನ ಸಾಲ ತೆಗೆದು ಫ್ಲ್ಯಾಟು ಕೊಳ್ಳುವ ಹುಡುಗರ ಕಥೆ ಬೇರೆ. ಪತ್ರದಲ್ಲಿ ಬರೆದಷ್ಟಕ್ಕೇ ಬ್ಯಾಂಕು ಸಾಲ ಲೆಕ್ಕ ಹಾಕುವುದರಿಂದ ಅವರು ಪೂರ್ತಿ ಬೆಲೆ ಬರೆಸುತ್ತಾರೆ. ಅಂದರೆ ಒಂದೇ ರಿಜಿಸ್ಟರಿನಲ್ಲಿ ಫ್ಲ್ಯಾಟು ನಿಜ ಹೇಳುತ್ತಿರುತ್ತದೆ, ಪಕ್ಕದ ಸ್ವತಂತ್ರ ಮನೆ ಅರ್ಧ ನುಂಗಿರುತ್ತದೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಡುವಿನವನ್ಯಾರು ಎಂದು ಕೇಳಿದರೆ ಏನು ಹೇಳುವುದು? ರಿಸರ್ವ್ ಬ್ಯಾಂಕು ಮನೆ ಬೆಲೆಯ ಸೂಚ್ಯಂಕವನ್ನು ಬೆಂಗಳೂರೂ ಸೇರಿದಂತೆ ಕೆಲವು ನಗರಗಳ ನೋಂದಣಿ ದಾಖಲೆಗಳಿಂದ ಕಟ್ಟುತ್ತದೆ. ನ್ಯಾಷನಲ್ ಹೌಸಿಂಗ್ ಬ್ಯಾಂಕು 2007ರಲ್ಲಿ ಶುರು ಮಾಡಿದ ರೆಸಿಡೆಕ್ಸ್ ಈಗ ಸಾಲ ಕೊಡುವ ಸಂಸ್ಥೆಗಳು ಮಾಡಿಸಿದ ಮೌಲ್ಯಮಾಪನವನ್ನು ಆಧರಿಸಿದೆ. ಎರಡೂ ಒಂದೇ ಮಾತು ಹೇಳದಿದ್ದರೆ ನಾನು ಆಶ್ಚರ್ಯಪಡುವುದಿಲ್ಲ. ಒಂದು ಪತ್ರ ಓದುತ್ತದೆ, ಇನ್ನೊಂದು ಮನೆ ನೋಡಲು ಬಂದ ವ್ಯಾಲ್ಯೂಯರ್ ಬರೆದದ್ದನ್ನು ಓದುತ್ತದೆ.

ಪತ್ರದಲ್ಲಿ ನಿಜವನ್ನೇ ಬರೆಯುವ ಊರಿನಲ್ಲಿ ಮಧ್ಯಾಂಕ ಸುಖವಾಗಿರುತ್ತದೆಯೇ? ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನನ್ನ ತಂಗಿಯ ಮಗಳ ಪ್ರಕಾರ ಅಲ್ಲೂ ಇಲ್ಲ. ಅಲ್ಲಿ ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ಫೋನಿನಲ್ಲೇ ನೋಡಬಹುದು, ರಾಯರ ಡೈರಿ ಬೇಡ. ಸನಿವೇಲ್ ಇರುವ ಸ್ಯಾನ್ ಹೋಸೆ ಪ್ರದೇಶದ ಮಧ್ಯಾಂಕ 2024ರಲ್ಲಿ 20 ಲಕ್ಷ ಡಾಲರ್ ದಾಟಿತು. ಆದರೆ ಬೇಸಿಗೆ ಬರುತ್ತಿದ್ದಂತೆ ಅದು ಏರುತ್ತದಂತೆ, ಚಳಿಗಾಲಕ್ಕೆ ಇಳಿಯುತ್ತದಂತೆ. ಸ್ಕೂಲು ಶುರುವಾಗುವ ಮೊದಲು ಮನೆ ಬದಲಿಸುವ ಸಂಸಾರಸ್ಥರು ದೊಡ್ಡ ಮನೆ ಕೊಳ್ಳುತ್ತಾರೆ. ಚಳಿಯಲ್ಲಿ ಅಂಥವರು ಹೊರಗೆ ಬರುವುದಿಲ್ಲ. "ನಮ್ಮ ಮನೆ ಬೆಲೆ ಇಳಿದಿಲ್ಲ ಸೋದರಮಾವ, ಮಾರಾಟ ಆಗ್ತಿರೋ ಮನೆಗಳೇ ಬದಲಾಗಿವೆ" ಎಂದಳು.

ಇದು ನಮ್ಮ ಬೀದಿಗೂ ಒಪ್ಪುತ್ತದೆ. ಮರು ವರ್ಷ ಬಂಗಲೆ ಮಾರಾಟವಾಗಲಿಲ್ಲ, ಉಳಿದ ನಾಲ್ಕರಂಥ ಮನೆಗಳು ಹತ್ತು ಹತ್ತು ಲಕ್ಷ ಹೆಚ್ಚಿಗೆ ಹೋದವು ಎನ್ನಿ: 1 ಕೋಟಿ, 1 ಕೋಟಿ 20, 1 ಕೋಟಿ 30, 1 ಕೋಟಿ 45 ಲಕ್ಷ. ಅಷ್ಟರಲ್ಲಿ ಯಾರೋ ಹಳೆಯ ಮನೆ ಕೆಡವಿ ಎದ್ದ ಸಣ್ಣ ಅಪಾರ್ಟ್‌ಮೆಂಟಿನ ಮೂರು ಫ್ಲ್ಯಾಟು 65, 70, 75 ಲಕ್ಷಕ್ಕೆ ಹೋದವು. ಏಳನ್ನೂ ಸಾಲಾಗಿ ನಿಲ್ಲಿಸಿ. ನಡುವಿನದು 1 ಕೋಟಿ. ಪ್ರತಿ ಮನೆಯೂ ದುಬಾರಿಯಾಯಿತು, ಮಧ್ಯಾಂಕ ಮಾತ್ರ ಇಪ್ಪತ್ತು ಲಕ್ಷ ಕುಸಿಯಿತು! ಇದನ್ನು ನೋಡಿ ಮಾರುಕಟ್ಟೆ ಬಿತ್ತು ಎಂದು ಗಾಬರಿಯಾಗುವವನಿಗೆ ಮೂರು ಫ್ಲ್ಯಾಟುಗಳ ಸುದ್ದಿ ಯಾರು ಹೇಳಬೇಕು? ಈ ತೊಡಕಿಗಾಗಿಯೇ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು ಒಂದೇ ಮನೆ ಎರಡು ಸಲ ಮಾರಾಟವಾದಾಗಿನ ಬೆಲೆಗಳನ್ನು ಮಾತ್ರ ಹೋಲಿಸುವ ಸೂಚ್ಯಂಕ ಕಟ್ಟಿದರು. ನಮ್ಮ ಕಡೆ ಅಜ್ಜ ಕೊಂಡ ಮನೆಯನ್ನು ಮೊಮ್ಮಗ ಕೆಡವುತ್ತಾನೆ. ಒಂದೇ ಮನೆ ಎರಡನೇ ಸಲ ಮಾರಾಟವಾಗಲು ಉಳಿದಿರಬೇಕಲ್ಲ.

ಹಾಗೆ ನೋಡಿದರೆ ಹಳೆಯ ಬಡಾವಣೆಯಲ್ಲಿ ಮಾರಾಟವಾಗುವುದು ಮನೆಯೇ ಅಲ್ಲ. ನಮ್ಮ ಮನೆ ನೋಡಲು, ಕರೆಯದೆಯೇ, ಬ್ರೋಕರೊಬ್ಬ ಬಂದಿದ್ದ. ನಡುಮನೆಯ ರೆಡ್ ಆಕ್ಸೈಡ್ ನೆಲ ಅಮ್ಮ ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾದದ್ದು. ತೇಗದ ಬಾಗಿಲು ಅಪ್ಪ ಸಾಗರದಿಂದ ತರಿಸಿದ್ದು. ಆತ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಮೇಲೆ ಕೆಳಗೆ ನೋಡಿ, "ಕಟ್ಟಡಕ್ಕೆ ಬೆಲೆ ಇಲ್ಲ ಸಾರ್, ಸೈಟಿಗಷ್ಟೇ. ಕೆಡವೋ ಖರ್ಚು ಬೇರೆ" ಎಂದ. ಕಾಫಿ ಕೊಟ್ಟೆವು. ಅದನ್ನು ಮಾತ್ರ ಪೂರ್ತಿ ಬೆಲೆ ಕಟ್ಟಿ ಕುಡಿದ.

ಮಧ್ಯಾಂಕದ ಇನ್ನೊಂದು ಕಷ್ಟ ಗಣಿತದ್ದಲ್ಲ. ನಿಯಮದ ಪ್ರಕಾರ ಅರ್ಧ ಮನೆಗಳು ಅದರ ಕೆಳಗಿರಬೇಕು. ಪಾರ್ಕಿನಲ್ಲಿ ವಿಚಾರಿಸಿದರೆ ಒಬ್ಬರ ಮನೆಯೂ ಕೆಳಗಿಲ್ಲ. ಒಬ್ಬರದು ಕಾರ್ನರು, ಒಬ್ಬರದು ಪೂರ್ವ ದಿಕ್ಕು, ಒಬ್ಬರ ಬೋರ್‌ವೆಲ್ ಇನ್ನೂ ಬತ್ತಿಲ್ಲ, ಒಬ್ಬರದು ಎ ಖಾತಾ. ಏನೂ ಇಲ್ಲದವರು "ದೇವಸ್ಥಾನ ಹತ್ತಿರ" ಎನ್ನುತ್ತಾರೆ.

ಕೊನೆಗೆ ನನ್ನ ಅಣ್ಣನ ಮಗ ಕನಕಪುರ ರಸ್ತೆಯಲ್ಲಿ ಒಬ್ಬರಿಂದ ಫ್ಲ್ಯಾಟು ಕೊಂಡ. ರಾಯರು ಪೆನ್ನು ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ಹುಡುಗ ಗೆಳೆಯರಿಗೆ ಹೇಳುತ್ತಿದ್ದುದು 98 ಲಕ್ಷ. ಕಾರ್ ಪಾರ್ಕಿಂಗಿನ ದುಡ್ಡನ್ನು ಮನೆಯ ಬೆಲೆ ಎಂದು ಅವನು ಒಪ್ಪುವುದಿಲ್ಲ. ಅತ್ತಿಗೆ ದೇವಸ್ಥಾನದಲ್ಲಿ ಹೇಳಿದ್ದು 1 ಕೋಟಿ 20 ಲಕ್ಷ. ರಿಜಿಸ್ಟ್ರೇಷನ್ನು, ವಾರ್ಡ್‌ರೋಬು, ಗೃಹಪ್ರವೇಶದ ಅಡುಗೆಯವರು ಎಲ್ಲ ಅದರಲ್ಲಿ ಸೇರಿದ್ದರು. ಬ್ಯಾಂಕಿನ ಸಾಲ ಇದ್ದುದರಿಂದ ಪತ್ರದಲ್ಲಿದ್ದುದು 1 ಕೋಟಿ 4 ಲಕ್ಷ. ರಾಯರು ಮೂರನ್ನೂ ಬರೆದುಕೊಂಡು, ಕೆಂಪು ಸುತ್ತು ಹಾಕಲು ಹೋಗಿ ಕೈ ತಡೆದರು. ಅವರ ಡೈರಿಯಲ್ಲಿ ಕ್ರಯಪತ್ರದ ಬೆಲೆ ನಡುವೆ ಬಂದು ನಿಂತ ಉದಾಹರಣೆಯೇ ಇರಲಿಲ್ಲ.

"ಇದ್ಯಾಕೋ ಸರಿ ಕಾಣಲ್ಲ" ಎಂದರು. "ನಿಮ್ಮ ಅತ್ತಿಗೆಯವರನ್ನ ಇನ್ನೊಂದು ಸಲ ಕೇಳಿ ನೋಡಿ."