ಆಪ್ಶನಲ್ ಅಳಿಯ

ಆರು ತಿಂಗಳಿಗೊಮ್ಮೆ ನನ್ನ ಅಕ್ಕನ ಮಗನಿಗೆ ಪುನರ್ಜನ್ಮವಾಗುತ್ತದೆ. ಭಾನುವಾರ ಮಧ್ಯಾಹ್ನ, ಮೀನು ಸಾರು ಒಲೆಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ, ಎರ್ನಾಕುಳಂನ ನಮ್ಮ ಫ್ಲಾಟಿನ ಬೆಲ್ ಒತ್ತುತ್ತಾನೆ. ಮುಖ ಅದೇ, ಚಪ್ಪಲಿ ಅದೇ, ಹಸಿವಂತೂ ಅದೇ. ಒಳಗಿರುವ ಮನುಷ್ಯ ಮಾತ್ರ ಬೇರೆ. ಅದಕ್ಕೇ ನನ್ನ ಹೆಂಡತಿ ಬಾಗಿಲು ತೆಗೆಯುವ ಮೊದಲೇ ವಿಚಾರಿಸುತ್ತಾಳೆ.

"ಈಗ ಎಂತದು?"

"ಈಗ ಟ್ಯಾಕ್ಸ್, ಅತ್ತೆ."

"ಹಾಗಾದರೆ ಅಡ್ಡಿಲ್ಲ, ಬಾ."

ಅವಳ ಭಯಕ್ಕೆ ಕಾರಣ ಉಂಟು. ಹಿಂದೊಮ್ಮೆ ಅವನು ಫೊರೆನ್ಸಿಕ್ ಸೈನ್ಸ್ ತೆಗೆದುಕೊಂಡಿದ್ದಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆಲ್ಲ ಪೌಡರ್ ಎರಚಿ, ಚಕ್ಕುಲಿ ಕದ್ದವರ ಬೆರಳಚ್ಚು ಹುಡುಕಿದ್ದ. ಸಿಕ್ಕಿದ್ದು ನನ್ನದು.

ಇವನು ಕಾನೂನು ವಿದ್ಯಾರ್ಥಿ. ಇವನೊಬ್ಬನೇ ಹೀಗೆ ಎಂದು ಯಾರೂ ತಿಳಿಯಬಾರದು. ಕಳಮಶ್ಶೇರಿಯ ನುವಾಲ್ಸ್ ಇರಲಿ, ಕುಸಾಟ್ ಇರಲಿ, ಹಳೆಯ ಕೊಚ್ಚಿ ಸಂಸ್ಥಾನದ ಶಾಸನಸಭೆ ಕೂಡುತ್ತಿದ್ದ ಕಟ್ಟಡದಲ್ಲಿರುವ ಎರ್ನಾಕುಳಂನ ಸರ್ಕಾರಿ ಲಾ ಕಾಲೇಜಿರಲಿ, ಪ್ರತಿ ಕ್ಲಾಸಿನಲ್ಲಿ ಇಂಥವನೊಬ್ಬ ಇರುತ್ತಾನಂತೆ. ಕೊನೆಯದಾಗಿ ಹೇಳಿದ ಕಾಲೇಜಿನಲ್ಲಿ ಓದಿದವರು ಮಮ್ಮೂಟ್ಟಿ. ಲಾ ಮುಗಿಸಿ, ಮಂಜೇರಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ, ಆಮೇಲೆ ಸಿನಿಮಾಕ್ಕೆ ಹೋದರು. ಅವರು ಆರಿಸಿಕೊಂಡ ಐಚ್ಛಿಕ ವಿಷಯ ಯಾವ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮವನಿಗೆ ಪಟ್ಟಿ ಬೇಕು. ಬಾರ್ ಕೌನ್ಸಿಲಿನ 2008ರ ನಿಯಮಗಳ ಪ್ರಕಾರ ಕಡ್ಡಾಯ ವಿಷಯಗಳು 20, ಕೈಯಾರೆ ಕಲಿಯಬೇಕಾದವು 4, ಅದರ ಮೇಲೆ ಆರಕ್ಕೆ ಕಡಿಮೆ ಇಲ್ಲದಷ್ಟು ಐಚ್ಛಿಕಗಳು. ಐಚ್ಛಿಕಗಳಲ್ಲಿ ಏಳು ಗುಂಪು: ಸಂವಿಧಾನ, ವ್ಯಾಪಾರ, ಅಂತರರಾಷ್ಟ್ರೀಯ ವ್ಯಾಪಾರ, ಅಪರಾಧ, ಅಂತರರಾಷ್ಟ್ರೀಯ ಕಾನೂನು, ಕೃಷಿ, ಬೌದ್ಧಿಕ ಆಸ್ತಿ. ಒಂದೇ ಗುಂಪಿಗೆ ಅಂಟಿಕೊಂಡು ಕೂರುವ ಹಾಗಿಲ್ಲ, ಮೂರರಲ್ಲಾದರೂ ಕೈಯಾಡಿಸಬೇಕು. ಓಣಂ ಊಟದ ಎಲೆಯ ಹಾಗೆ. ಪಾಯಸವನ್ನೇ ಆರು ಸಲ ಬಡಿಸಿಕೊಳ್ಳಲಿಕ್ಕೆ ಆಗುವುದಿಲ್ಲ.

ಅವನು ವಿಷಯ ಆರಿಸುವ ರೀತಿ ಬಹಳ ಗಂಭೀರವಾದದ್ದು. ಮೊದಲು ಹಾಸ್ಟೆಲಿನ ಸೀನಿಯರ್ ಚೇಟ್ಟನ ಬಳಿ ಹೋಗಿ ಯಾವುದು 'ಸ್ಕೋರಿಂಗ್' ಎಂದು ಕೇಳುತ್ತಾನೆ. ಯಾವ ಮೇಷ್ಟ್ರು ಹಾಜರಿ ಕರೆಯುವಾಗ ತಲೆ ಎತ್ತುವುದಿಲ್ಲ ಎಂದು ತಿಳಿದುಕೊಳ್ಳುತ್ತಾನೆ. ಶುಕ್ರವಾರ ಮಧ್ಯಾಹ್ನ ಕ್ಲಾಸ್ ಇಲ್ಲದಿದ್ದರೆ ಮಂಜೇಶ್ವರದಲ್ಲಿ ನಿಲ್ಲುವ ರೈಲು ಸಿಗುತ್ತದೆ ಎಂದು ಟೈಂಟೇಬಲ್ ನೋಡುತ್ತಾನೆ. ಇಷ್ಟೆಲ್ಲ ಆಗಿ, ಫಾರ್ಮಿನಲ್ಲಿ ಟಿಕ್ ಹಾಕಿದ ಮರುಗಳಿಗೆಯಿಂದ, ಆ ವಿಷಯಕ್ಕೋಸ್ಕರವೇ ತಾನು ಹುಟ್ಟಿದ್ದು ಎಂದು ಅವನಿಗೆ ಖಾತ್ರಿಯಾಗುತ್ತದೆ.

ಅವನ ಸಾಗರಾವತಾರ ನನಗೆ ಚೆನ್ನಾಗಿ ನೆನಪುಂಟು. ಈಜು ಬಾರದ, ಫೋರ್ಟ್ ಕೊಚ್ಚಿಯ ಬೋಟಿನಲ್ಲಿ ಕಂಬ ಹಿಡಿದು ನಿಲ್ಲುವ ಹುಡುಗ ಸಮುದ್ರ ಕಾನೂನು ತೆಗೆದುಕೊಂಡ. ತೆಗೆದುಕೊಂಡ ಸಮಯವೂ ಹಾಗಿತ್ತು. 2025ರ ಮೇ 25ರಂದು, ವಿಳಿಂಜಂನಿಂದ ಕೊಚ್ಚಿಗೆ ಬರುತ್ತಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 643 ಕಂಟೇನರುಗಳ ಸಮೇತ ಮುಳುಗಿತು. ಸಿಬ್ಬಂದಿ ಬದುಕಿದರು. ಆದರೆ ತಿರುವನಂತಪುರದ ಕಡಲ ತೀರದವರೆಗೆ ಪ್ಲಾಸ್ಟಿಕ್ ಕಾಳು ಸಬ್ಬಕ್ಕಿಯ ಹಾಗೆ ಹರಡಿತು, ಜನ ಮೀನು ತಿನ್ನಲಿಕ್ಕೆ ಹೆದರಿದರು. ನಮ್ಮನೆಯಲ್ಲಿ ಹೆದರಿದ್ದು ಮೀನಿಗಲ್ಲ, ಅಳಿಯನ ಭಾಷಣಕ್ಕೆ. ಬೂತಾಯಿಯ ಮುಳ್ಳು ಬಿಡಿಸುತ್ತಾ, ಇದು ಹನ್ನೆರಡು ನಾಟಿಕಲ್ ಮೈಲಿಯ ಒಳಗೆ ಹಿಡಿದದ್ದೋ ಹೊರಗೆ ಹಿಡಿದದ್ದೋ ಎಂದು ಕೇಳುತ್ತಿದ್ದ. ಊರಲ್ಲಿ ಬೂತಾಯಿ, ಕಣ್ಣೂರಿನಲ್ಲಿ ಮತ್ತಿ, ಇಲ್ಲಿ ಚಾಳ ಎಂದು ಹೆಸರು ಬದಲಾಯಿಸಿಕೊಳ್ಳುವ ಮೀನಿಗೆ ಗಡಿಯ ಪ್ರಶ್ನೆ ಹೊಸದೇನಲ್ಲ.

ಆಮೇಲೆ ಜುಲೈಯಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ವಿಳಿಂಜಂನಲ್ಲಿ ನಿಂತಿದ್ದ ಅದೇ ಬಳಗದ ಇನ್ನೊಂದು ಹಡಗನ್ನು ಕೋರ್ಟು ಅರೆಸ್ಟ್ ಮಾಡಿಸಿತು. ಅಳಿಯ ಸಂತೋಷದಿಂದ ಏದುಸಿರು ಬಿಡುತ್ತಾ ಬಂದ.

"ಮಾವ, ಹಡಗು ಅರೆಸ್ಟ್!"

"ಕೋಳ ಎಲ್ಲಿಗೆ ಹಾಕಿದರು ಮಾರಾಯ?"

"ತಮಾಷೆ ಅಲ್ಲ. 2017ರ ಅಡ್ಮಿರಾಲ್ಟಿ ಕಾಯ್ದೆ. ಮುಳುಗಿದ ಹಡಗು ಸಿಗದಿದ್ದರೆ ಸಿಸ್ಟರ್ ಶಿಪ್ ಹಿಡಿಯಬಹುದು."

ಒಳಗಿನಿಂದ ಹೆಂಡತಿಯ ಧ್ವನಿ: "ಅಕ್ಕ ಮಾಡಿದ ಸಾಲಕ್ಕೆ ತಂಗಿ ಜೈಲಿಗಾ? ಇದು ನಮ್ಮ ಕುಟುಂಬದಲ್ಲಿ ಮೊದಲಿಂದಲೂ ಉಂಟಲ್ಲ!"

ಆರು ತಿಂಗಳಲ್ಲಿ ಸಮುದ್ರ ಬತ್ತಿತು, ತೆರಿಗೆ ಉಕ್ಕಿತು. ಅವನನ್ನು ಹೋಟೆಲಿಗೆ ಕರೆದುಕೊಂಡು ಹೋದದ್ದು ನನ್ನ ತಪ್ಪು. ಪರೋಟ ಬೀಫ್ ಮುಗಿಸಿ ಬಿಲ್ಲು ಬಂದಾಗ ಎದ್ದು ನಿಂತ. ಪರೋಟದ ಇತಿಹಾಸ ಶುರುವಾಯಿತು: 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಪ್ರಾಧಿಕಾರ ಪರೋಟ ಎಂದರೆ ರೊಟ್ಟಿ ಅಲ್ಲ, ಹಾಗಾಗಿ ಶೇ. 18 ಎಂದಿತು, 2024ರಲ್ಲಿ ಕೇರಳ ಹೈಕೋರ್ಟು ಮಲಬಾರ್ ಪರೋಟಕ್ಕೆ ಶೇ. 5 ಸಾಕು ಎಂದಿತು. 2025ರ ಸೆಪ್ಟೆಂಬರ್ 22ರಿಂದ ಅದೂ ಇಲ್ಲ, ಸೊನ್ನೆ. "ಹಾಗಿರುವಾಗ ಈ ಐದು ಪರ್ಸೆಂಟ್ ಎಲ್ಲಿಂದ ಬಂತು?" ಎಂದು ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ಕೇಳಿದ. ಹಿಂದೆ ದುಡ್ಡು ಕೊಡಲು ಕಾಯುತ್ತಿದ್ದವರೆಲ್ಲ ಆಸಕ್ತಿಯಿಂದ ಕಿವಿಗೊಟ್ಟರು. ಗಲ್ಲಾದ ಚೇಟ್ಟ ಸೋಂಪಿನ ತಟ್ಟೆ ಮುಂದೆ ತಳ್ಳಿ ಹೇಳಿದ: "ಮೋನೇ, ಅದು ಪ್ಯಾಕೆಟಿನ ಪರೋಟ. ನೀನು ತಿಂದದ್ದು ಹೋಟೆಲಿನದ್ದು. ಇಲ್ಲಿ ಪರೋಟಕ್ಕಲ್ಲ, ಕೂತು ತಿಂದದ್ದಕ್ಕೆ ಐದು." ಆ ಮನುಷ್ಯ ಯಾವ ಕಾಲೇಜಿನಲ್ಲಿ ಟ್ಯಾಕ್ಸ್ ಓದಿದ್ದನೋ ದೇವರಿಗೇ ಗೊತ್ತು. ಸೋಂಪು ಅಗಿಯುತ್ತಾ ಹೊರಗೆ ಬಂದೆವು.

ಉಳಿದ ಅವತಾರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಪರಾಧದ ಕಾಲದಲ್ಲಿ ಯಾರನ್ನಾದರೂ ಫೋರ್‌ಟ್ವೆಂಟಿ ಎಂದು ಬಯ್ದರೆ, "ಮಾವ, 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ ಅದು 318" ಎಂದು ತಿದ್ದುತ್ತಿದ್ದ. ಬಯ್ಯಲಿಕ್ಕೂ ಹೊಸ ಪುಸ್ತಕ ಕೊಳ್ಳಬೇಕಾಯಿತು. ಬೌದ್ಧಿಕ ಆಸ್ತಿಯ ಕಾಲದಲ್ಲಿ ಆರನ್ಮುಳದ ಲೋಹದ ಕನ್ನಡಿಗೆ ಜಿಐ ಎಂಬ ಭೌಗೋಳಿಕ ಗುರುತು ಉಂಟು, ಕಾಸರಗೋಡು ಸೀರೆಗೂ ಉಂಟು, ಹಾಗಾದರೆ ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಗೆ ಯಾಕಿಲ್ಲ ಎಂದು ಅರ್ಜಿ ಬರೆಯಲು ಕೂತ. ಭರಣಿಯೂ ಅರ್ಜಿಯೂ ಒಟ್ಟಿಗೇ ಅರ್ಧಕ್ಕೆ ನಿಂತವು, ಭರಣಿ ಮಾತ್ರ ಆಮೇಲೆ ಪೂರ್ತಿ ಖಾಲಿಯಾಯಿತು. ಸಂವಿಧಾನದ ಕಾಲದಲ್ಲಿ ಹಾಸ್ಟೆಲ್ ಮೆಸ್ಸಿನವರು ಬುಧವಾರದ ಮೀನನ್ನು ನಿಲ್ಲಿಸಿದಾಗ, ಅದು ಮೆನುವಿನ ಮೂಲಸ್ವರೂಪ, ಅದನ್ನು ತಿದ್ದುಪಡಿ ಮಾಡುವ ಅಧಿಕಾರ ಕಮಿಟಿಗಿಲ್ಲ ಎಂದು ವಾದಿಸಿ ಗೆದ್ದ. ನನಗೆ ಗೊತ್ತಿದ್ದ ಮಟ್ಟಿಗೆ ಅವನು ಗೆದ್ದ ಏಕೈಕ ಕೇಸು.

ಒಮ್ಮೆ ಮೂಟ್ ಕೋರ್ಟಿಗೆಂದು ತಿರುವನಂತಪುರಕ್ಕೆ ಹೋಗಿಬಂದು ಪೆಚ್ಚಾಗಿದ್ದ. ಅಲ್ಲಿಯ ಹುಡುಗರ ಲೆಕ್ಕವೇ ಬೇರೆಯಂತೆ. ಕೊಚ್ಚಿಯವನು ವಿಷಯ ಆರಿಸುವಾಗ ಕಂಪನಿ, ಹಡಗು, ಸಂಬಳ ನೋಡುತ್ತಾನೆ. ತಿರುವನಂತಪುರದವನು ಸೆಕ್ರೆಟರಿಯೇಟಿನ ಗೇಟು ನೋಡುತ್ತಾನೆ, ಒಳಗೆ ಕೂರುವುದಕ್ಕೆ ಪರೀಕ್ಷೆ, ಹೊರಗೆ ಕೂರುವುದಕ್ಕೆ ಧರಣಿ. ಅಲ್ಲಿಯ ಸರ್ಕಾರಿ ಲಾ ಕಾಲೇಜಿನಲ್ಲಿ ಓದಿದವರು ಫಾತಿಮಾ ಬೀವಿ, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದವರು. "ಅವರು ಯಾವ ಆಪ್ಶನಲ್ ತೆಗೆದುಕೊಂಡಿದ್ದಿರಬಹುದು ಮಾವ?" ಎಂದು ಕೇಳಿದ.

"ಆ ಕಾಲಕ್ಕೆ ಆಪ್ಶನಲ್ ಇದ್ದದ್ದು ಎರಡೇ. ಓದುವುದು, ಓದದೆ ಇರುವುದು."

ಅವನ ವಿದ್ಯೆಯಿಂದ ನಮಗೇನು ಉಪಯೋಗ ಎಂದು ಹೆಂಡತಿ ಕೇಳಿದ್ದು ಪಕ್ಕದ ಮನೆಯ ತೆಂಗಿನಕಾಯಿ ನಮ್ಮ ಕಾರಿನ ಮೇಲೆ ಬಿದ್ದ ದಿನ. ಒಂದು ನೋಟಿಸು ಬರೆದುಕೊಡು ಮಾರಾಯ ಎಂದೆ. ಕಾರಿನ ಸುತ್ತ ಎರಡು ಸುತ್ತು ಬಂದ. ಮರ ಕರಾವಳಿ ನಿಯಂತ್ರಣ ವಲಯದಲ್ಲಿದೆಯೇ ನೋಡಬೇಕು ಎಂದ. ಕಾಯಿಗೆ ದುರುದ್ದೇಶ ಇತ್ತು ಎಂದು ಸಾಬೀತು ಮಾಡುವುದು ಕಷ್ಟ ಎಂದ. ನೋಟಿಸು ಮಾತ್ರ ಬರಲಿಲ್ಲ. ಆಮೇಲೆ ಗೊತ್ತಾಯಿತು, ನೋಟಿಸು ಬರೆಯುವುದನ್ನು ಕಲಿಸುವ ಡ್ರಾಫ್ಟಿಂಗ್ ಕಡ್ಡಾಯ ವಿಷಯ, ಕಡ್ಡಾಯವಾದದ್ದರಿಂದಲೇ ಅದರಲ್ಲಿ ಅವನಿಗೆ ಸಪ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆ ಎಂಬ ಸಿಪಿಸಿಯಲ್ಲೂ ಸಪ್ಲಿ. ಕೊನೆಗೆ ಹೆಂಡತಿ ತಾನೇ ಪಕ್ಕದ ಮನೆಗೆ ಹೋಗಿ, ಚಾಯ ಕುಡಿದು, ಮರ ಹತ್ತಿಸುವ ಮಾತು ಪಡೆದು, ಕೈಯಲ್ಲಿ ನಾಲ್ಕು ಕಾಯಿ ಹಿಡಿದುಕೊಂಡು ಬಂದಳು.

"ಇದಕ್ಕೇ ಎಡಿಆರ್ ಅನ್ನುವುದು ಅತ್ತೆ. ಕೋರ್ಟಿನ ಹೊರಗೆ ವ್ಯಾಜ್ಯ ತೀರಿಸುವ ವಿದ್ಯೆ."

"ಅದು ಪಾಸಾ?"

ಅವನು ಕಾಯಿ ಸುಲಿಯಲಿಕ್ಕೆ ಹೋದ.

ಮೊನ್ನೆಯ ಭಾನುವಾರ ಕೊನೆಯ ಫಾರ್ಮು ಹಿಡಿದು ಬಂದ. ಎಲ್ಲ ತುಂಬಿದ್ದವು, ಸೀಟು ಉಳಿದದ್ದು ಕೃಷಿಯ ಗುಂಪಿನಲ್ಲಿ ಮಾತ್ರ. ಭೂ ಕಾನೂನು, ಬೀಜ-ನೀರು-ಗೊಬ್ಬರದ ಕಾನೂನು, ಸಹಕಾರಿ ಕಾನೂನು, ಹೈನುಗಾರಿಕೆ. ಅವನ ಮುಖ ಹಾಗಲಕಾಯಿಯಂತಾಗಿತ್ತು.

"ಇದೆಲ್ಲ ಯಾರಿಗೆ ಬೇಕು ಮಾವ?"

ಪೈವಳಿಕೆಯ ಅವನ ಮನೆಯಲ್ಲಿ ಅಡಿಕೆ ತೋಟ ಉಂಟು. ಅಕ್ಕ ಬೆಳಗಾದರೆ ಸೊಸೈಟಿಗೆ ಹಾಲು ಹಾಕುತ್ತಾಳೆ. ಕಾಲೇಜಿನ ಫೀಸು ಬರುವುದು 1973ರಲ್ಲಿ ಎರಡು ರಾಜ್ಯದ ಬೆಳೆಗಾರರು ಸೇರಿ ಕಟ್ಟಿದ ಕ್ಯಾಂಪ್ಕೋಗೆ ಅಡಿಕೆ ಹಾಕಿ. ಅದೇ 1973ರ ಏಪ್ರಿಲ್ 24ರಂದು, ಅವನು ಮೆಸ್ಸಿನ ಮೀನಿಗೆ ಎಳೆದು ತಂದ ಮೂಲಸ್ವರೂಪದ ತೀರ್ಪು ಬಂದದ್ದು: ಹದಿಮೂರು ನ್ಯಾಯಮೂರ್ತಿಗಳು, 68 ದಿನದ ವಾದ, ಕೇಶವಾನಂದ ಭಾರತೀ ಸ್ವಾಮೀಜಿ. ಸ್ವಾಮೀಜಿಯ ಎಡನೀರು ಮಠ ಅವನ ಮನೆಯಿಂದ ದೂರವೇನಲ್ಲ; ಅಲ್ಲಿ ಯಕ್ಷಗಾನ ನೋಡಿ ನಿದ್ದೆ ಮಾಡಿದವನು.

"ಸ್ವಾಮೀಜಿ ಕೋರ್ಟಿಗೆ ಹೋದದ್ದು ಎಂತಕ್ಕೆ ಗೊತ್ತುಂಟಾ?" ಎಂದೆ.

"ಮೂಲಸ್ವರೂಪಕ್ಕೆ."

"ಅಲ್ಲ ಮಾರಾಯ, ಮಠದ ಜಾಗಕ್ಕೆ. ಭೂ ಸುಧಾರಣೆಯಲ್ಲಿ ಹೋಗುವ ಭೂಮಿ. ನಿನ್ನ ಪಟ್ಟಿಯ ಪ್ರಕಾರ ಕೃಷಿ ಗುಂಪು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪೆನ್ನು ತೆಗೆದು ಭೂ ಕಾನೂನಿಗೆ ಟಿಕ್ ಹಾಕಿದ. ನಾನು ನೋಡುತ್ತಿದ್ದಂತೆಯೇ ಬೆನ್ನು ನೆಟ್ಟಗಾಯಿತು, ಕಣ್ಣಿನಲ್ಲಿ ಬೆಳಕು ಬಂತು. ಹೊಸ ಅವತಾರ. ನಮ್ಮ ಫ್ಲಾಟಿನ ಗೋಡೆಗಳನ್ನು ಸರ್ವೆಯವನಂತೆ ಅಳೆಯುವ ಕಣ್ಣಿನಿಂದ ನೋಡಿ ಕೇಳಿದ: "ಮಾವ, ನಮ್ಮದು ಅಳಿಯಕಟ್ಟಿನ ಕುಟುಂಬ ಅಲ್ವಾ? ಅಂದರೆ ಮಾವನ ನಂತರ ಯಜಮಾನಿಕೆ ಅಳಿಯನಿಗೆ..."

"ಅದು 1976ರ ಡಿಸೆಂಬರ್ 1ಕ್ಕೇ ಹೋಯಿತು," ಎಂದಿತು ಅಡುಗೆಮನೆ. "ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ. ನಮ್ಮ ತರವಾಡು ಪಾಲಾದದ್ದು ಅದರಲ್ಲೇ. ಹತ್ತು ವರ್ಷ ಆ ಕಡತ ಹಿಡಿದುಕೊಂಡು ಅಲೆದಿದ್ದೇನೆ."

ಅಳಿಯ ಬೆರಗಾಗಿ ನೋಡಿದ. "ಅತ್ತೆ, ನಿಮ್ಮದು ಯಾವ ಆಪ್ಶನಲ್?"

ಅವಳು ಬಂದು ಅವನ ಬಟ್ಟಲಿಗೆ ಎರಡು ಬೂತಾಯಿ, ಪಕ್ಕದಲ್ಲಿ ಅವನಿಗೆ ಸೇರದ ಹಾಗಲಕಾಯಿ ಪಲ್ಯ ಒಂದು ಸೌಟು ಬಡಿಸಿದಳು.

"ಮೀನು ಆಪ್ಶನಲ್. ಇದು ಕಡ್ಡಾಯ."