ಆದ್ದರಿಂದ ರಾಯರು

ನಿವೃತ್ತರಾದ ಗಂಡಸಿಗೆ ವರ್ಷದೊಳಗೆ ಏನಾದರೊಂದು ಅಂಟಿಕೊಳ್ಳಲೇಬೇಕು. ಕೆಲವರಿಗೆ ಹೋಮಿಯೋಪತಿ, ಕೆಲವರಿಗೆ ತಾರಸಿ ತೋಟ, ಕೆಲವರಿಗೆ ಕ್ಯಾರಿಯೋಕೆ, ಇನ್ನೂ ಕಸುವಿರುವವರಿಗೆ ಬಡಾವಣೆ ಸಂಘದ ಕಾರ್ಯದರ್ಶಿಗಿರಿ. ಇವೆಲ್ಲ ಮನೆಯವರೂ ನೆರೆಯವರೂ ಹೇಗೋ ತಡೆದುಕೊಳ್ಳಬಹುದಾದ ಕಾಯಿಲೆಗಳು. ನಮ್ಮ ಬೀದಿಯ ರಾಯರಿಗೆ ಅಂಟಿದ್ದು ತರ್ಕಶಾಸ್ತ್ರ.

ರಾಯರಂಥವರು ಮೈಸೂರಿನಲ್ಲಿ ಮಾತ್ರ ಇದ್ದಾರೆ ಅಂತೇನಿಲ್ಲ. ನಿಮ್ಮ ಬೀದಿಯಲ್ಲಿ ಅವರು ಗೌಡರೋ ಶೆಟ್ಟರೋ ಪಾಟೀಲರೋ ಆಗಿರಬಹುದು. ಗುರುತು ಮಾತ್ರ ಒಂದೇ. ನೀವು ಮಾತು ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವರ ತೋರುಬೆರಳು ಮೇಲೇಳುತ್ತದೆ, ಜೊತೆಗೇ ಎಡಹುಬ್ಬೂ ಏಳುತ್ತದೆ, "ಆದ್ದರಿಂದ?" ಎನ್ನುತ್ತಾರೆ. "ಈ ಸಲ ಚಳಿ ಜಾಸ್ತಿ ರಾಯರೇ" ಅಂದರೂ "ಆದ್ದರಿಂದ?" ಚಳಿಯಿಂದ ಯಾವ ತೀರ್ಮಾನಕ್ಕೂ ಬರುವ ಉದ್ದೇಶವಿಲ್ಲದೆ ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದವನು, ತಪ್ಪಿತಸ್ಥನ ಮುಖ ಮಾಡಿಕೊಂಡು ಮಫ್ಲರ್ ಸರಿಪಡಿಸಿ ಮುಂದೆ ನಡೆಯಬೇಕು.

ರೋಗದ ಮೂಲ ಅಟ್ಟದಲ್ಲಿತ್ತು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಹಳೇ ಟ್ರಂಕಿನಲ್ಲಿ ಅವರ ಪಿಯುಸಿ ಕಾಲದ ಲಾಜಿಕ್ ಪುಸ್ತಕ ಸಿಕ್ಕಿತು. ಪಿಯುಸಿ ಕಲಾ ವಿಭಾಗದಲ್ಲಿ ತರ್ಕಶಾಸ್ತ್ರ ಈಗಲೂ ಒಂದು ಐಚ್ಛಿಕ ವಿಷಯ. ಲೆಕ್ಕದ ಕಾಟ ತಪ್ಪಿತು ಅಂತ ಅದನ್ನು ಆರಿಸಿಕೊಂಡವರಿಗೆ, ಒಳಗೆ ಲೆಕ್ಕದ ಅಣ್ಣನೇ ಕಾಲು ಚಾಚಿ ಕೂತಿರುವುದು ಆಮೇಲೆ ಕಾಣುತ್ತದೆ. ರಾಯರೂ ಹಾಗೇ ಹೋಗಿ, ಹೇಗೋ ಮೂವತ್ತೈದು ಅಂಕ ತಂದು, ಸರ್ಕಾರಿ ನೌಕರಿ ಹಿಡಿದು ಎಲ್ಲವನ್ನೂ ಮರೆತಿದ್ದರು. ಪುಸ್ತಕ ಬಿಡಿಸಿದರೆ ಸಾಕ್ರಟೀಸ್ ಇನ್ನೂ ಅಲ್ಲೇ ಕಾಯುತ್ತಿದ್ದ. ಎಲ್ಲ ಮನುಷ್ಯರೂ ಸಾಯುವವರು, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಸಾಯುವವನು. ಕ್ರಿ.ಪೂ. 399ರಲ್ಲಿ ಅಥೆನ್ಸಿನಲ್ಲಿ ವಿಷ ಕುಡಿದು ಸತ್ತ ಆ ಪುಣ್ಯಾತ್ಮನನ್ನು ಪ್ರಪಂಚದ ಲಾಜಿಕ್ ಮೇಷ್ಟ್ರುಗಳು ಪ್ರತಿವರ್ಷ ಮತ್ತೊಮ್ಮೆ ಸಾಯಿಸುತ್ತಾರೆ.

ಅದೇ ಟ್ರಂಕಿನ ತಳದಲ್ಲಿ ರಾಯರ ತಂದೆಯವರು ಓದುತ್ತಿದ್ದ ಅನ್ನಂಭಟ್ಟನ ತರ್ಕಸಂಗ್ರಹವೂ ಇತ್ತು. ಹೀಗೆ ಅವರಿಗೆ ಎರಡೂ ಕಡೆಯಿಂದ ಹತ್ತಿತು. ಅರಿಸ್ಟಾಟಲನ ದಾರಿಯಲ್ಲಿ ಮೂರು ವಾಕ್ಯಕ್ಕೆ ಮುಗಿಯುವುದನ್ನು ನಮ್ಮ ನೈಯಾಯಿಕರು ಐದು ಅವಯವಗಳಲ್ಲಿ ಹೇಳುತ್ತಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಏಕೆಂದರೆ ಹೊಗೆ ಇದೆ. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಮನೆಗೆ ಇಂಡಕ್ಷನ್ ಒಲೆ ಬಂದು ಅಡುಗೆಮನೆಯಲ್ಲಿ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ ಎಂದಾದಾಗ, ಶತಮಾನಗಳ ಉದಾಹರಣೆಯೊಂದನ್ನು ಒಂದೇ ಪ್ಲಗ್ಗಿನಲ್ಲಿ ಕೊಂದೆಯಲ್ಲೇ ಅಂತ ಹೆಂಡತಿಯ ಮೇಲೆ ರೇಗಿದರು. ಬೆಟ್ಟಕ್ಕಂತೂ ಕೊರತೆಯಿಲ್ಲ. ಡಿಸೆಂಬರಿನ ಬೆಳಗ್ಗೆ ಚಾಮುಂಡಿ ಬೆಟ್ಟದ ಮೇಲಿನ ಮಂಜು ತೋರಿಸಿ, ಇದನ್ನು ಹೊಗೆ ಅಂದುಕೊಂಡು ಬೆಂಕಿ ಇದೆ ಅಂದರೆ ಅದು ಅಸಿದ್ಧ ಹೇತು ಎಂದು ವಾಕಿಂಗಿನವರನ್ನು ನಿಲ್ಲಿಸಿ ಹೇಳುತ್ತಾರೆ. ಶುಗರ್ ಇಳಿಸಲು ಬಂದವರು ನಿಂತೇ ಇರುತ್ತಾರೆ. ತರ್ಕಕ್ಕೇ ತಾಂಡವ ಆಡಿಸಿದ ನಾಡು ನಮ್ಮದು ಎಂದು ವಿಜಯನಗರದ ವ್ಯಾಸತೀರ್ಥರ ತರ್ಕತಾಂಡವದ ಹೆಸರು ಹೇಳಿ ಎದೆಯುಬ್ಬಿಸುವುದೂ ಉಂಟು. ಆ ಗ್ರಂಥ ಬರೆದದ್ದೇ ನೈಯಾಯಿಕರನ್ನು ಖಂಡಿಸಲು ಎಂಬ ಸಂಗತಿಯನ್ನು ಮಾತ್ರ ಎತ್ತುವುದಿಲ್ಲ.

ರಾಯರ ಮೊದಲ ಪಾಠ ಯಾವುದು ವಾದ, ಯಾವುದು ಅಲ್ಲ ಎನ್ನುವುದು. ಪಾಠವೇನೋ ಚೆನ್ನಾಗಿಯೇ ಇದೆ. "ಬಾಗಿಲು ಹಾಕು" ಎನ್ನುವುದು ಅಪ್ಪಣೆ, ಸತ್ಯವೂ ಅಲ್ಲ ಸುಳ್ಳೂ ಅಲ್ಲ. "ಕಾಫಿ ಆಯ್ತಾ?" ಪ್ರಶ್ನೆ. ಒಂದು ಮಾತನ್ನು ಒಪ್ಪಿಸಲು ಇನ್ನೊಂದನ್ನು ಆಧಾರವಾಗಿ ಕೊಟ್ಟರೆ ಮಾತ್ರ ಅದು ವಾದ. 'ಏಕೆಂದರೆ' ಕಂಡ ಕೂಡಲೇ ವಾದ ಎಂದುಕೊಳ್ಳಬಾರದು, ಅಲ್ಲೇ ಹುಡುಗರು ಜಾರುವುದು ಎನ್ನುತ್ತಾರೆ. "ಅವರು ಮನೆಯಲ್ಲಿಲ್ಲ, ಏಕೆಂದರೆ ಗೇಟಿಗೆ ಬೀಗ ಹಾಕಿದೆ" ಅಂದರೆ ವಾದ. ಇಲ್ಲವೆಂಬುದು ನಮಗೆ ಗೊತ್ತಿರಲಿಲ್ಲ, ಬೀಗ ನೋಡಿ ಒಪ್ಪಿದೆವು. "ಅವರು ಮನೆಯಲ್ಲಿಲ್ಲ, ಏಕೆಂದರೆ ಮಗಳ ಬಾಣಂತನಕ್ಕೆ ಹೋಗಿದ್ದಾರೆ" ಅಂದರೆ ಬರೀ ವಿವರಣೆ. ಇಲ್ಲವೆಂಬುದು ಮೊದಲೇ ಗೊತ್ತು, ಕಾರಣವಷ್ಟೇ ಬೇಕಿತ್ತು.

ಇಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಮನೆಯೊಳಗೆ ಹೋದ ಕೂಡಲೇ ಎಲ್ಲವನ್ನೂ ವಾದವಾಗಿಯೇ ಕೇಳಿಸಿಕೊಳ್ಳುತ್ತಾರೆ. "ರೀ, ತಾರಸಿ ಟ್ಯಾಂಕಿಗೆ ನೀರೇ ಏರಿಲ್ಲ, ಮೋಟರ್ ಕೆಟ್ಟಿದೆ" ಎಂದು ಹೆಂಡತಿ ಕೂಗಿದರು. ಮೋಟರ್ ಕೆಟ್ಟರೆ ನೀರು ಏರುವುದಿಲ್ಲ ಸರಿ. ನೀರು ಏರದಿದ್ದರೆ ಮೋಟರೇ ಕೆಟ್ಟಿರಬೇಕು ಅಂತಿಲ್ಲ, ಕರೆಂಟ್ ಹೋಗಿರಬಹುದು, ಸಂಪಿನಲ್ಲೇ ನೀರಿಲ್ಲದಿರಬಹುದು ಎಂದು ಈಸಿಚೇರಿನಲ್ಲಿ ಕೂತು ಇವರು ಶುರುಮಾಡಿದರು. ಮಾತು ಮುಗಿಯುವ ಮೊದಲು ಹೆಂಡತಿ ಸುಟ್ಟ ವಾಸನೆ ಹಿಡಿದು ಮೋಟರಿನ ಸ್ವಿಚ್ ಆರಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿಯಾಗಿತ್ತು.

ಆಕೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ರಾಯರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆಯಿಂದ ರಾತ್ರಿಯವರೆಗೆ ಏನು ತಿಂದರು ಎಂಬುದಕ್ಕೆ ಆಕೆಯೇ ಸಾಕ್ಷಿ: ಮುದ್ದೆ, ಸೊಪ್ಪು, ಸಕ್ಕರೆ ಇಲ್ಲದ ಕಾಫಿ. ಆದರೂ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ಅಂಕಿ ಮೇಲೇರಿತ್ತು. ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ಒಬ್ಬ ದೇವದತ್ತನ ಕಥೆ ಹೇಳುತ್ತಾರೆ. ಆತ ಹಗಲು ಊಟ ಮಾಡುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ತಿನ್ನುತ್ತಿರಲೇಬೇಕು. ಮೀಮಾಂಸೆಯ ಒಂದಕ್ಷರ ಓದದ ಆಕೆ ಲ್ಯಾಬಿನ ವರದಿಯನ್ನು ಫ್ರಿಜ್ಜಿನ ಮೇಲಿಟ್ಟು, ಮಲಗಿದ ಮೇಲೆ ಎದ್ದು ಮೈಸೂರುಪಾಕ್ ತಿಂತಾ ಇದ್ದೀರಿ ಎಂದರು. ರಾಯರು ತಬ್ಬಿಬ್ಬಾದರೂ ಸೋಲಲಿಲ್ಲ. "ನೋಡು, ಅರ್ಥಾಪತ್ತಿಯನ್ನು ಬೇರೆ ಪ್ರಮಾಣ ಅಂತ ನಾವು ನೈಯಾಯಿಕರು ಒಪ್ಪೋದಿಲ್ಲ. ನಮಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಇಷ್ಟೇ." ಆಕೆ ಡಬ್ಬದ ಮುಚ್ಚಳ ತೆಗೆದು ತೋರಿಸಿದರು. ಅದು ಪ್ರತ್ಯಕ್ಷ. ಡಬ್ಬ ಈಗ ಬೀರುವಿನಲ್ಲಿದೆ, ಕೀಲಿ ಆಕೆಯ ಸೊಂಟದಲ್ಲಿ.

ದೇವರಾಜ ಮಾರ್ಕೆಟ್ಟಿನ ಬದನೆಕಾಯಿ ಹೆಂಗಸಿನ ಹತ್ತಿರವೂ ಇದೇ ಪಾಡು. ಒಂದು ದಿನ ಆಕೆ ಹುಳುಕು ಬದನೆಕಾಯಿ ಎತ್ತಿ, "ಹುಳ ಐತೆ ನೋಡಿ ಸ್ವಾಮಿ, ಔಷಧಿ ಹೊಡೆದಿಲ್ಲ ಅಂತ ಇದೇ ಸಾಕ್ಷಿ" ಅಂದಳು. ಮರುವಾರ ಹುಳವಿಲ್ಲದ್ದನ್ನು ತೋರಿಸಿ, "ಒಂದು ಹುಳ ಇಲ್ಲ, ಅಷ್ಟು ಫ್ರೆಶ್ಶು" ಅಂದಳು. ಹುಳ ಇದ್ದರೂ ಗುಣ, ಇಲ್ಲದಿದ್ದರೂ ಗುಣ ಅಂದರೆ ಹುಳ ಯಾವುದಕ್ಕೂ ಹೇತುವಲ್ಲ ಅಂತಾಯಿತು ಎಂದು ರಾಯರು ಬೆರಳೆತ್ತಿದರು. ಹಿಂದೆ ಜನ ಸೇರಿತು. "ತಗೊಂತೀರೋ, ಬಿಡ್ತೀರೋ ಸ್ವಾಮಿ?" ಮಧ್ಯದಲ್ಲಿ ಮೂರನೇ ದಾರಿ ಇರದಂತೆ ಪ್ರಶ್ನೆ ಕಟ್ಟುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ಕಲಿಸಲಾರರು. ರಾಯರು ಅರ್ಧ ಕೆ.ಜಿ. ತೂಗಿಸಿಕೊಂಡರು.

ಕ್ರಿಕೆಟ್ಟಿನ ವಿಷಯ ಬಂದಾಗ ಮಾತ್ರ ಅವರು ಗೆಲ್ಲುತ್ತಿದ್ದರು. 2008ರಿಂದ 2024ರವರೆಗೆ ಹದಿನೇಳು ಐಪಿಎಲ್, ಹದಿನೇಳರಲ್ಲೂ ಆರ್‌ಸಿಬಿಗೆ ಕಪ್ ಇಲ್ಲ; ಆದ್ದರಿಂದ ಹದಿನೆಂಟನೆಯದರಲ್ಲೂ ಇಲ್ಲ. "ಈ ಸಲ ಕಪ್ ನಮ್ದೆ" ಎನ್ನುವುದು ವಾದವೇ ಅಲ್ಲ, ಹರಕೆ ಎಂದು ಬೀದಿಯ ಹುಡುಗರ ಬಾಯಿ ಮುಚ್ಚಿಸಿದ್ದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಆರು ರನ್ನಿನಿಂದ ಸೋತಿತು. ಆ ರಾತ್ರಿ ರಾಯರ ಗೇಟಿನ ಮುಂದೆಯೇ ಹತ್ತು ಸಾವಿರದ ಸರಪಟಾಕಿ ಸಿಡಿಯಿತು. ಬೆಳಗ್ಗೆ ಸಿಕ್ಕವರಿಗೆಲ್ಲ, "ಅನುಗಮನದಿಂದ ಬರೋದು ಸಂಭವ ಮಾತ್ರ, ಖಚಿತ ಅಲ್ಲ. ನಾನು ಅದನ್ನ ಹೇಳ್ತಾನೇ ಇದ್ದೆ" ಎಂದರು. ಅವರು ಹಾಗೆ ಹೇಳಿದ್ದನ್ನು ಕೇಳಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಇವೆಲ್ಲ ಸಹಿಸಬಹುದು. ಸಾವಿನ ಮನೆಗೆ ಅವರನ್ನು ಕರೆದುಕೊಂಡು ಹೋಗಬಾರದು. ಹಿಂದಿನ ರಸ್ತೆಯಲ್ಲಿ ಒಬ್ಬರು ಐವತ್ತೆರಡಕ್ಕೇ ಹೋಗಿಬಿಟ್ಟರು. ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಂಧುಬಳಗ ಕೂತಿತ್ತು. ಗೋಡೆಗೊರಗಿದ ಬೆತ್ತದ ಕುರ್ಚಿಯಲ್ಲಿ ಮೃತರ ದೊಡ್ಡಪ್ಪ, ತೊಂಬತ್ತೊಂದು ವರ್ಷ, ಕಿವಿ ಕಣ್ಣು ಎರಡೂ ಚುರುಕು. ಇಂಥ ಕಡೆ ಎಲ್ಲರೂ ಅನ್ನುವ ಮಾತನ್ನೇ ಯಾರೋ ಅಂದರು: "ಏನ್ಮಾಡೋದು, ಒಳ್ಳೆಯವರೆಲ್ಲ ಬೇಗ ಹೋಗ್ತಾರೆ."

ರಾಯರ ಬೆರಳು ಏಳತೊಡಗಿತು. ಹೆಂಡತಿ ಅದನ್ನು ಕಂಡು ಅವರ ಮೊಣಕೈ ಹಿಡಿದರೂ ಬಾಯಿ ಆಗಲೇ ತೆರೆದಿತ್ತು. "ಒಳ್ಳೆಯವರೆಲ್ಲ ಬೇಗ ಹೋಗ್ತಾರೆ ಅಂದ್ರೆ, ಬೇಗ ಹೋಗದೇ ಇರೋರು ಯಾರೂ ಒಳ್ಳೆಯವರಲ್ಲ ಅಂತ ಆಗುತ್ತೆ." ಹಜಾರದಲ್ಲಿದ್ದ ಅಷ್ಟೂ ಕಣ್ಣುಗಳು, ಬೇಡಬೇಡವೆಂದರೂ, ಬೆತ್ತದ ಕುರ್ಚಿಯ ಕಡೆಗೇ ತಿರುಗಿದವು. ಹುಡುಗನೊಬ್ಬ ನಗು ತಡೆಯಲಾರದೆ ಕೆಮ್ಮಿಕೊಂಡು ಹೊರಗೆ ಹೋದ.

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ನಿನಗೀಗ ಎಷ್ಟಪ್ಪಾ ವಯಸ್ಸು?"

"ಅರವತ್ತೆಂಟು."

"ಹಾಗಾದ್ರೆ ನೀನು ಒಳ್ಳೆಯವನು ಅನ್ನಿಸಿಕೊಳ್ಳೋಕೆ ಇನ್ನೂ ಟೈಮಿದೆ. ಬೇಗ ನೋಡ್ಕೊ."

ವಾಪಸ್ ಬರುವಾಗ ಆಟೋದಲ್ಲಿ ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಹೆಂಡತಿಗೆ ಸಮಾಧಾನವಾಯಿತು, ಮನುಷ್ಯ ನೊಂದುಕೊಂಡಿದ್ದಾರೆ ಅಂದುಕೊಂಡರು. ಅಗ್ರಹಾರದ ಸರ್ಕಲ್ ಬಂದಾಗ ರಾಯರು ಚಾಲಕನ ಹೆಗಲು ತಟ್ಟಿದರು. "ದೋಷ ಸಿಕ್ತು ಕಣಯ್ಯಾ. ಒಳ್ಳೆಯವರೆಲ್ಲ ಬೇಗ ಹೋಗ್ತಾರೆ ಅಂದ್ರೆ, ಬೇಗ ಹೋದವರೆಲ್ಲ ಒಳ್ಳೆಯವರು ಅಂತ ಆಗೋದಿಲ್ಲ. ಮುದುಕರು ವಾಕ್ಯಾನ ತಿರುಗಿಸಿಬಿಟ್ಟರು!" ಚಾಲಕ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ಮೀಟರಿನ ಮೇಲೆ ಹತ್ತು ರೂಪಾಯಿ ಕೇಳಬೇಕೆಂದಿದ್ದವನು ಕೇಳದೆ ಬಿಟ್ಟ. ಇಷ್ಟಾದರೂ ಒಂದು ಮಾತು ನನ್ನ ಮಟ್ಟಿಗೆ ಒಪ್ಪಲೇಬೇಕು: ಸಾವಿನ ಮನೆಯಲ್ಲಿ ಅವರು ಆಡಿದ ವಾಕ್ಯವೂ ಸರಿ, ಆಟೋದಲ್ಲಿ ಆಡಿದ್ದೂ ಸರಿ. ದೋಷ ಹುಡುಕಿದ ಮಾತ್ರಕ್ಕೆ ಎದುರಿನವನ ತೀರ್ಮಾನ ಸುಳ್ಳಾಗುವುದಿಲ್ಲ ಎಂಬ ಪಾಠ ಮಾತ್ರ ಅವರ ಪುಸ್ತಕದಲ್ಲಿ ಗೆದ್ದಲು ತಿಂದ ಪುಟದಲ್ಲಿದೆಯೋ ಏನೋ.

ವಾಟ್ಸ್‌ಆ್ಯಪಿನ ಕಥೆ ಬೇಡ. ಆಪ್ತನ ಮಾತು ಪ್ರಮಾಣ, ಸರಿ. ನಾಸಾದವರು ಹೇಳಿದ್ದಾರೆ ಅಂತ ಕಳಿಸಿದ ನಿಮಗೆ ನಾಸಾದಲ್ಲಿ ಆಪ್ತರು ಯಾರು ಎಂದು ಷಡ್ಡಕನನ್ನು ಕೇಳಿದ್ದೇ ಕೊನೆ, ಕುಟುಂಬದ ಗುಂಪಿನಿಂದ ಅವರನ್ನು ತೆಗೆದರು.

ಈಗ ಅವರ ಹುಮ್ಮಸ್ಸೆಲ್ಲ ಎದುರುಮನೆಯ ಹುಡುಗಿಯ ಮೇಲೆ. ದ್ವಿತೀಯ ಪಿಯುಸಿ, ಲಾಜಿಕ್ ತೆಗೆದುಕೊಂಡಿದ್ದಾಳೆ. ಪುಕ್ಕಟೆ ಪಾಠ ಅಂತ ಅಪ್ಪ ಖುಷಿಯಿಂದ ಕಳಿಸಿದರು. ಸಿಲಬಸ್ಸಿನಲ್ಲಿ ಇದೆಯೋ ಇಲ್ಲವೋ ನೋಡದೆ ರಾಯರು ಐದೂ ಅವಯವ ಕಲಿಸಿದರು. ಹದಿನೆಂಟು ತುಂಬಿದ ವಾರವೇ ಹುಡುಗಿ ಅಪ್ಪನ ಮುಂದೆ ನಿಂತು ಪ್ರಯೋಗಿಸಿದಳು: ನನಗೆ ಸ್ಕೂಟರ್ ಕೊಡಿಸಬೇಕು, ಏಕೆಂದರೆ ಕಾಲೇಜು ದೂರ, ಯಾರ ಕಾಲೇಜು ದೂರವೋ ಅವರಿಗೆಲ್ಲ ಸ್ಕೂಟರ್ ಕೊಡಿಸಿದ್ದಾರೆ, ಚಿಕ್ಕಪ್ಪನ ಮಗಳಿಗೆ ಕೊಡಿಸಿದ ಹಾಗೆ, ನನ್ನದೂ ಅಷ್ಟೇ ದೂರ, ಆದ್ದರಿಂದ ಕೊಡಿಸಬೇಕು.

ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇಲ್ಲ ಅಂದ್ರೆ ಇಲ್ಲ" ಎಂದರು.

ಹುಡುಗಿ ರಾಯರ ಹತ್ತಿರ ಓಡಿ ಬಂದಳು. ರಾಯರು ಕಣ್ಣು ಮುಚ್ಚಿ ಯೋಚಿಸಿದರು. ಇಲ್ಲ ಅಂದರೆ ಇಲ್ಲ. ಮಳೆ ಬಂದರೆ ಮಳೆ ಬಂತು. "ಮಗೂ, ನಿಮ್ಮಪ್ಪ ಭಾರಿ ಘಟ. ಈ ವಾಕ್ಯ ಯಾವ ಕಾಲಕ್ಕೂ ಸುಳ್ಳಾಗೋದಿಲ್ಲ. ಇದನ್ನ ಖಂಡಿಸೋಕೆ ಬ್ರಹ್ಮನಿಗೂ ಆಗಲ್ಲ."

ಹುಡುಗಿ ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. "ಅಂಕಲ್, ಇಲ್ಲ ಅಂದ್ರೆ ಇಲ್ಲ ಅಂದರು, ಸರಿ. ಆದ್ರೆ ಇಲ್ಲ ಅಂತ ಎಲ್ಲಿ ಅಂದರು?"

ರಾಯರು ಕುರ್ಚಿಯಿಂದ ಎದ್ದೇ ನಿಂತರಂತೆ. ಹುಡುಗಿ ಮನೆಗೆ ಹೋಗಿ ಏನು ಹೇಳಿದಳೋ, ಅಪ್ಪ ಮೊದಲು ನಕ್ಕರಂತೆ, ಆಮೇಲೆ ಬೈದರಂತೆ, ರಾತ್ರಿ ಊಟದ ಹೊತ್ತಿಗೆ ಶೋರೂಮಿನಲ್ಲಿ ಕಂತು ಎಷ್ಟು ಬೀಳುತ್ತದೆ ಎಂದು ವಿಚಾರಿಸುತ್ತಿದ್ದರಂತೆ. ಮರುದಿನ ಬೆಳಗ್ಗೆ ನಾನು ಹಾಲು ತರುವಾಗ ಅವರು ರಾಯರ ಗೇಟಿನ ಹತ್ತಿರ ನಿಂತಿದ್ದರು.

"ಸಾರ್, ನೀವು ಪಾಠಕ್ಕೆ ದುಡ್ಡು ತಗೊಳಲ್ಲ ಅಂತ ಗೊತ್ತು. ಪಾಠ ನಿಲ್ಲಿಸೋಕೆ ತಿಂಗಳಿಗೆ ಎಷ್ಟಾಗುತ್ತೆ?"