ಒಂದು ರೂಪಾಯಿ ಬೋಣಿ

ಖಜುರಾಹೊ ಎಂದರೆ ಕದ್ದು ನೋಡುವ ಶಿಲ್ಪಗಳ ಊರು ಎಂದಷ್ಟೇ ನಾನು ತಿಳಿದಿದ್ದೆ. 2025ರ ಜನವರಿಯಲ್ಲಿ ಅಲ್ಲಿ ಕಳ್ಳರು ರಾತ್ರೋರಾತ್ರಿ ಅಂಗಡಿಗಳ, ಪೆಟ್ರೋಲ್ ಬಂಕಿನ ಕ್ಯೂಆರ್ ಕೋಡುಗಳ ಮೇಲೆ ತಮ್ಮ ಕೋಡು ಅಂಟಿಸಿಬಿಟ್ಟರು. ಬೀಗ ಒಡೆಯಲಿಲ್ಲ, ಗಲ್ಲಾ ಮುಟ್ಟಲಿಲ್ಲ. ಬೆಳಗ್ಗೆ ಮಾಲು ಇವರದು, ದುಡ್ಡು ಅವರದು.

ಜೆರಾಕ್ಸ್, ಸ್ಟೇಷನರಿ ಇಟ್ಟುಕೊಂಡಿರುವ ನನಗೆ ಪೆನ್ನು ಕದಿಯುವ ಹುಡುಗರು ಹಳಬರು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 5000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಮೊದಲ ಸಲ ಕದ್ದು ಹಿಂತಿರುಗಿಸಿದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ನನ್ನಂಗಡಿಯಿಂದ ಅಷ್ಟು ಬೆಲೆಯ ಮಾಲು ಹೊರಬೇಕಾದರೆ ತಳ್ಳುಗಾಡಿಯೇ ಬೇಕು! ಶಟರಿಗೆ ಜೋಡಿ ಬೀಗ, ಮೂಲೆಗೆ ಕ್ಯಾಮೆರಾ, ಬಾಗಿಲಿಗೆ ನಿಂಬೆಹಣ್ಣು-ಮೆಣಸಿನಕಾಯಿ. ಎಲ್ಲಾ ಇತ್ತು. ಕೋಡು ಮಾತ್ರ ಹೊರಗೋಡೆಯ ಮೇಲೆ ಅನಾಥವಾಗಿತ್ತು.

ಹಾಗಾಗಿ ದಿನಾ ಬಾಗಿಲು ತೆಗೆದೊಡನೆ ಹೆಂಡತಿಯ ಫೋನಿನಿಂದ ಆ ಕೋಡು ಸ್ಕ್ಯಾನ್ ಮಾಡಿ ನನಗೇ ಒಂದು ರೂಪಾಯಿ ಕಳಿಸತೊಡಗಿದೆ. ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಬೀದಿಗೆಲ್ಲ ಕೇಳುವಂತೆ ಸಾರುತ್ತಿತ್ತು: "ಒಂದು ರೂಪಾಯಿ ಸ್ವೀಕರಿಸಲಾಗಿದೆ."

ಪಕ್ಕದ ಹೂವಿನಾಕೆ ದಾರ ಕೆಳಗಿಟ್ಟರು. "ಯಾರು ಸ್ವಾಮಿ ಒಂದ್ರೂಪಾಯಿ ಬೋಣಿ ಮಾಡಿದ್ದು?"

"ನಾನೇ."

"ನಿಮ್ಮ ದುಡ್ಡಲ್ಲಿ ನೀವೇ ಬೋಣಿ ಮಾಡ್ಕಂಡ್ರೆ ದಿನವೆಲ್ಲ ನೀವೇ ಗಿರಾಕಿ!"

ಹೆಂಡತಿಯ ಖಾತೆ ಎಂದೆ. ಹೆಂಡತಿ ದುಡ್ಡು ಬೇರೆಯಾ ಎಂದರು. ಇದು ತಪಾಸಣೆ, ವ್ಯಾಪಾರವಲ್ಲ ಎಂದೆ. ಮಾಲು ಕೊಡದೆ ಬೆಳಗ್ಗೆಬೆಳಗ್ಗೆ ದುಡ್ಡು ಮುಟ್ಟಿದರೆ ಅದು ಭಿಕ್ಷೆ ಎಂದರು. ಸರಿ, ಒಂದು ಹಾಳೆ ಜೆರಾಕ್ಸ್ ತೆಗೆದುಕೊಟ್ಟೆ. ಖಾಲಿ ಹಾಳೆ ಅಪಶಕುನವಂತೆ. ಅವರ ಕ್ಯಾಲೆಂಡರಿನ ಲಕ್ಷ್ಮಿಯನ್ನೇ ಗಾಜಿನ ಮೇಲೆ ಮಲಗಿಸಿದೆ. ಮಲಗಿಸುವ ಮುನ್ನ ಗಾಜು ಒರೆಸಲಿಲ್ಲವೆಂದು ಬೈಸಿಕೊಂಡೆ. ಅಂದಿನಿಂದ ದಿನಕ್ಕೊಂದು ಕಪ್ಪು-ಬಿಳುಪು ಲಕ್ಷ್ಮಿ ಅವರ ಬುಟ್ಟಿ ಸೇರುತ್ತಿದ್ದಾಳೆ. ಒಂದು ಬೆಳಗ್ಗೆ ಟೋನರ್ ಮುಗಿದು ಲಕ್ಷ್ಮಿ ಕಾಲಷ್ಟೇ ಬಂದಾಗ, "ಪರವಾಗಿಲ್ಲ, ಒಳಗೆ ಬಂದಳು" ಎಂದು ಸಮಾಧಾನ ಹೇಳಿದ್ದೂ ಅವರೇ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕಾರಿನಲ್ಲಿ ಬಂದವನೊಬ್ಬ ಹೂವಿನಾಕೆಯ ಹಾರಗಳನ್ನೆಲ್ಲ ಬಾಚಿಕೊಂಡು, ಫೋನಿನಲ್ಲಿ ಹಸಿರು ಟಿಕ್ಕು ತೋರಿಸಿ ಹೋದ. ದುಡ್ಡು ಬಂದರೆ ಮೆಸೇಜು ಹೋಗುವುದು ಬೆಂಗಳೂರಿನಲ್ಲಿರುವ ಅವರ ಮಗನಿಗೆ. ಬಂದೇ ಇರಲಿಲ್ಲ. ಕಾರಿಗೆ ಪೆಟ್ರೋಲು ಹಾಕಿಸುವವನಿಗೆ ಮಲ್ಲಿಗೆಯ ದುಡ್ಡು ಭಾರವಾಯಿತೇ? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋಣ ಎಂದೆ. "ದೂರು ಅಂತ ಓಡಾಡ್ತಾ ಕೂತ್ರೆ ನಾಳೆ ಹೂವು ಬಾಡಲ್ವಾ?" ಎಂದರು. ಸಾಲಕ್ಕೆ ತಂದ ಹೂವು. ಬಡ್ಡಿಯವನಿಗೆ ಯಾವ ಟಿಕ್ಕೂ ನಡೆಯುವುದಿಲ್ಲ.

ಈಗ ಅವರ ಗಿರಾಕಿಗಳೆಲ್ಲ ನನ್ನ ಕೋಡಿಗೇ ದುಡ್ಡು ಹಾಕುತ್ತಾರೆ. ಡಬ್ಬಿ ಕೂಗುವವರೆಗೆ ಹೂವು ಅವರ ಕೈಯಲ್ಲೇ. ಸಂಜೆ ಲೆಕ್ಕ ನೋಡಿ ನೋಟು ಎಣಿಸಿಕೊಡುತ್ತೇನೆ. ಜೆರಾಕ್ಸಿಗಿಂತ ಮಲ್ಲಿಗೆಯ ವಹಿವಾಟೇ ಜೋರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೂ ತೆರಿಗೆ ನೋಟಿಸು ಬಂದದ್ದು ನೆನಪಾಗಿ ಎದೆ ಡವಗುಟ್ಟುತ್ತದೆ. ಯಾರಾದರೂ ಬಂದು "ಏನ್ರೀ, ಜೆರಾಕ್ಸನ್ನು ಮೊಳದ ಲೆಕ್ಕದಲ್ಲಿ ಮಾರ್ತೀರಾ?" ಎಂದು ಕೇಳಿದರೆ, ಉತ್ತರ ಕೊಡಲು ಆಕೆಯನ್ನೇ ಮುಂದೆ ಬಿಡುವುದೆಂದು ತೀರ್ಮಾನಿಸಿದ್ದೇನೆ.